ಪೈಲ್ವಾನ್‌ಗೆ ಇನ್ನೊಂದು ಮುದ್ದೆ ಹಾಕ್ರಪ್ಪಾ!

ಪೈಲ್ವಾನ್ ಅಂತ ಗೊತ್ತಾದ ಕೂಡಲೇ ಜನ ನೋಡುವುದು ನನ್ನ ಎಲೆಯನ್ನ. ಎಷ್ಟು ಮುದ್ದೆ ಇಳಿಸ್ತಾನೆ ಅನ್ನೋದೇ ಎಲ್ಲರ ಲೆಕ್ಕ. ಇದಕ್ಕೆಲ್ಲ ನಮ್ಮ ತಾತನ ಕಾಲದವರೇ ಕಾರಣ. ಮೈಸೂರಿನ ಗರಡಿಗಳಲ್ಲಿ ಸಾಮು ಮಾಡಿ, ಬಾದಾಮಿ ಅರೆದ ಹಾಲು, ತುಪ್ಪ, ಕಾಲು ಸೂಪು ಹೊಡೆದು ಬೆಳೆದವರು ಅವರು. ಉಸ್ತಾದರು ಮೈಕಟ್ಟು ನೋಡಿ ಜೋಡಿ ಕಟ್ಟಿದರೆ ಮುಗೀತು. ನಾನು ಮ್ಯಾಟ್ ಮೇಲೆ ಕುಸ್ತಿ ಆಡುವವನು, ಅಲ್ಲಿ ಜೋಡಿ ಕಟ್ಟೋದು ತೂಕ ನೋಡಿ. ನನ್ನದು 65 ಕೆಜಿ ವಿಭಾಗ, ಅದಕ್ಕಿಂತ ಜಾಸ್ತಿ ತೂಗಬಾರದು. ಅದರ ಮೇಲಿನದು 70. ಮಾಮೂಲಿ ದಿನಗಳಲ್ಲಿ ನಾನು ಇವೆರಡರ ಮಧ್ಯೆ, 68ರಲ್ಲಿ ತೂಗಾಡುತ್ತಿರುತ್ತೇನೆ.

ಹೋದ ಸಲ ಪಂದ್ಯಕ್ಕೆ ತೂಕ ಕೊಡುವ ವಾರದಲ್ಲೇ ಚಿಕ್ಕಪ್ಪನ ಮಗಳ ಬೀಗರ ಊಟ ಬಂತು. ಬೀಗರು ಮಂಡ್ಯ ಕಡೆಯವರು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಚಿಕನ್ ಫ್ರೈ, ಏನಿಲ್ಲ ಕೇಳಿ. "ಪೈಲ್ವಾನ್‌ಗೆ ಇನ್ನೊಂದು ಮುದ್ದೆ ಹಾಕ್ರಪ್ಪಾ" ಅಂತ ಪಂಕ್ತಿಯ ಆ ತುದಿಯಿಂದಲೇ ಕೂಗು. ನಾನು ಸೌತೆಕಾಯಿ ಹೋಳು ಕಚ್ಚುತ್ತಾ ಕೂತಿದ್ದೆ.

"ಯಾಕಪ್ಪಾ, ಸಾರು ಚೆನ್ನಾಗಿಲ್ವಾ?" ಅಂತ ಬೀಗರು ಮುಖ ಸಣ್ಣ ಮಾಡಿದರು.

"ಹಂಗಲ್ಲ ಮಾವ, ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತೆ, ತೂಕ ಇಳಿಯಲ್ಲ. ನೀರೂ ಕಮ್ಮಿ ಕುಡೀಬೇಕು."

"ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲಪ್ಪಾ!"

ಸಂಜೆಯೊಳಗೆ ನೆಂಟರಲ್ಲೆಲ್ಲ ಸುದ್ದಿ: ಹುಡುಗನಿಗೆ ಶುಗರ್ ಬಂದಿದೆಯಂತೆ. ಮರುದಿನದಿಂದ ಫೋನ್ ಮೇಲೆ ಫೋನ್, ಒಬ್ಬರು ಹಾಗಲಕಾಯಿ ರಸ ಕುಡಿ ಅಂದರೆ ಇನ್ನೊಬ್ಬರು ಮೆಂತ್ಯ ನೆನೆಸಿ ತಿನ್ನು ಅಂತಾರೆ, ತಿನ್ನಬೇಡ ಅನ್ನುವವರು ಮಾತ್ರ ಒಬ್ಬರೂ ಇಲ್ಲ.

ಅಷ್ಟರಲ್ಲಿ ಅಮ್ಮನಿಗೆ ಕುಸ್ತಿಪಟು ವಿನೇಶ್ ಫೋಗಟ್ ನೆನಪಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕೆಜಿ ಫೈನಲ್ ದಿನ ಬೆಳಿಗ್ಗೆ ಬರೀ 100 ಗ್ರಾಂ ಜಾಸ್ತಿ ಬಂದು ಹೊರಬಿದ್ದರಲ್ಲ, ಅದರ ಹಿಂದಿನ ರಾತ್ರಿ ತೂಕ ಇಳಿಸೋಕೆ ಅವರ ಕೂದಲು ಕೂಡ ಕತ್ತರಿಸಿದ್ದರು. ಅಮ್ಮ ಕತ್ತರಿ ಹಿಡಿದೇ ಬಂದರು. ನಾನು ಆಗಷ್ಟೇ ತಿರುಪತಿಗೆ ಹೋಗಿ ಬಂದಿದ್ದೆ, ತಲೆ ನುಣ್ಣಗಿತ್ತು. ಅಪ್ಪ ಪೇಪರ್ ಓದುವವರು, ಅವರದು ಬೇರೆ ರಾಗ: "ಅದೇ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಸೆಮಿಫೈನಲ್ ಆದಮೇಲೆ ಒಂದೇ ರಾತ್ರೀಲಿ 4.6 ಕೆಜಿ ಇಳಿಸಿ ಕಂಚು ತಂದ. ನಿನಗೆ ಮೂರಕ್ಕೇ ಈ ಗೋಳಾ?"

ಕೊನೆಯ ದಿನದ ಆಟ ಹೇಳಬಾರದು. ಉರಿ ಬಿಸಿಲಲ್ಲಿ ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿ ಓಡುತ್ತಿದ್ದರೆ ಟೀ ಅಂಗಡಿಯವರು "ಮಳೆ ಎಲ್ಲಿ ಬಂತು ಗುರು?" ಅಂತ ಆಕಾಶ ನೋಡಿದರು. ಬಸ್ಸಿನಲ್ಲಿ ಚೂಯಿಂಗ್ ಗಮ್ ಅಗಿದು ಬಾಟಲಿಗೆ ಉಗುಳುತ್ತಾ ಕೂತೆ, ಅದೂ ಗ್ರಾಂ ಲೆಕ್ಕವೇ. ಪಕ್ಕದವರು ಪಾಪ ವಾಂತಿ ಅಂದುಕೊಂಡು ಕಿಟಕಿ ಸೀಟು ಬಿಟ್ಟುಕೊಟ್ಟರು. (ನಗು ಬರುತ್ತೆ, ನಿಜ. ಆದರೆ ಮೈ ಒಣಗಿಸೋದು ಅಪಾಯದ ಕೆಲಸ, ಬೆಳೆಯುವ ಹುಡುಗರಿಗೆ ಇದನ್ನ ಹೇಳಿಕೊಡುವವರನ್ನ ಕಂಡರೆ ನನಗಾಗಲ್ಲ.)

ಮೊದಲ ದಿನ ತೂಕ ಸರಿಯಾಯಿತು. ಒಂದು ಗೆದ್ದೆ, ಒಂದು ಸೋತೆ. ಎರಡನೇ ದಿನ ಬೆಳಿಗ್ಗೆ ಮತ್ತೆ ತೂಕ. ಕಂಚಿಗೆ ನನ್ನ ಜೊತೆ ಆಡಬೇಕಿದ್ದ ಹುಡುಗ 300 ಗ್ರಾಂ ಜಾಸ್ತಿ. ಹಿಂದಿನ ರಾತ್ರಿ ಅವನ ಅಕ್ಕ ಬಿರಿಯಾನಿ ತಂದಿದ್ದರಂತೆ. ಕುಸ್ತಿಯೇ ಆಡದೆ ಪದಕ ನನ್ನ ಕೊರಳಿಗೆ.

ಬೀಗರಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಖುಷಿಯೋ ಖುಷಿ.

"ಭೇಷ್ ಕಣಪ್ಪಾ! ಶುಗರ್ ಇಟ್ಕೊಂಡೂ ಗೆದ್ದೆಯಲ್ಲ!"