ಎಲ್ಲಾರಿಗೂ ಗೊತ್ತಿದ್ದದ್ದನ್ನ ಬರೆಯೋರು ಯಾರು?

ನಮ್ಮ ಸೋದರತ್ತಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿಂದ ಪುಣೆಗೆ ಬಂದಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಹಡಪ್ಸರಿನ ನಮ್ಮ ಮನೆಯ ಗ್ಯಾಲರಿಯಲ್ಲಿ ಕೂತರೆ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ. ಎದುರುಮನೆಯಲ್ಲಿ ಸಾಲಿ ಕಲಿಸಿ ನಿವೃತ್ತರಾದ ಮರಾಠಿ ಬಾಯಿಯವರಿದ್ದಾರೆ. ಒಂದು ಸಂಜೆ ಚಹಾ ಕುಡಿಯುತ್ತ ಅವರು ಮೊಬೈಲಿನಲ್ಲಿ ಬೀಸುಕಲ್ಲಿನ ಓವಿ, ಅಂದರೆ ಮರಾಠಿ ಪದ, ಹಚ್ಚಿದರು. ಯಾವುದೋ ಹಳ್ಳಿಯ ಹೆಣ್ಣುಮಗಳ ದನಿ. ಭೀಮಾ ದಂಡೆಯವರಾದ ನಮಗೆ ಮರಾಠಿ ಹೊಸದೇನಲ್ಲ. ಹಾಡು ಮುಗಿಯುವ ಮೊದಲೇ ಅತ್ತಿಯ ಬಲಗೈ ಮೊಣಕಾಲ ಮೇಲೆ ಸುತ್ತತೊಡಗಿತ್ತು.

"ಇಂಥಾವು ನಮ್ಮಲ್ಲೂ ಅದಾವ್ರೀ ಅಕ್ಕೋರ" ಎಂದವಳೇ ಒಂದು ಪದ ತೆಗೆದಳು. ತವರಿನ ದಾರಿ, ಕರೆಯಲು ಬಂದ ಅಣ್ಣ, ಬಾಗಿಲಲ್ಲಿ ನಿಂತ ಅವ್ವ. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾಯಿಯವರು ಎದ್ದು ಹೋದರು. ಬೇಸರವಾಯಿತೇನೋ ಅಂದುಕೊಂಡರೆ, ವಹಿ, ಪೆನ್ನು ಹಿಡಿದುಕೊಂಡು ತಿರುಗಿ ಬಂದರು. ಅತ್ತಿಯ ಕನ್ನಡ ಪದಗಳನ್ನು ನಾಗರಿ ಲಿಪಿಯಲ್ಲಿ, ತಡೆತಡೆದು ಕೇಳಿ ಬರೆದುಕೊಂಡರು. ಹೆಸರು ಕೇಳಿದರು, ಊರು ಕೇಳಿದರು. ಯಾರಿಂದ ಕಲಿತಿರಿ ಎಂದೂ ಕೇಳಿದರು.

"ಯಾರ್ ಯಾಕ ಕಲಸ್ತಾರ್ರೀ? ಬೀಸ್ಕೋತ ಬೀಸ್ಕೋತ ಬಂದಾವು."

ಅದನ್ನೂ ಬರೆದುಕೊಂಡರು.

ಎಪ್ಪತ್ತು ದಾಟಿದ ನಮ್ಮ ಅತ್ತಿಯ ಪದವನ್ನು ಮೊದಲ ಬಾರಿಗೆ ಕಾಗದಕ್ಕೆ ಇಳಿಸಿದ್ದು ಕನ್ನಡ ಓದಲು ಬಾರದ ಹೆಣ್ಣುಮಗಳು. ಸಂತೋಷವಾಯಿತು, ನಿಜ. ಎದೆಯಲ್ಲಿ ಚುಚ್ಚಿದ್ದೂ ಅಷ್ಟೇ ನಿಜ.

ಬಾಯಿಯವರು ಹಚ್ಚಿದ ಆ ಹಾಡು ಎಲ್ಲಿಂದ ಬಂತೆಂದು ಹುಡುಕಿದೆ. ಪುಣೆಯಲ್ಲೇ ಇದ್ದುಕೊಂಡು ಹೇಮಾ ರಾಯಿರ್‌ಕರ್ ಮತ್ತು ಗೀ ಪ್ವಾತ್ವ್ಯಾಂ ಎಂಬಿಬ್ಬರು 1980ರ ದಶಕದಲ್ಲಿ ಶುರು ಮಾಡಿದ ಕೆಲಸವದು. ಗೀ ಹುಟ್ಟಿದ್ದು ಫ್ರಾನ್ಸಿನಲ್ಲಿ, ಬಾಳಿದ್ದು ಇಲ್ಲಿ. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರುತ್ತಿದ್ದ ಕಾಲದಲ್ಲಿ ಇವರೂ ಇವರ ಜೊತೆಗಾರರೂ ಮಹಾರಾಷ್ಟ್ರದ ಹಳ್ಳಿ ಹಳ್ಳಿ ತಿರುಗಿ ಒಂದು ಲಕ್ಷಕ್ಕೂ ಹೆಚ್ಚು ಓವಿ ಕೂಡಿಸಿದರು. ಹಾಡಿದವಳ ಹೆಸರು, ಅವಳ ಊರು ಎಲ್ಲ ನಮೂದಾಗಿವೆ. ಈಗ ಅವು ಗ್ರಾಮೀಣ ಭಾರತದ ಜಾಲ ಭಂಡಾರವಾದ 'ಪರಿ'ಯಲ್ಲಿವೆ. ಫೋನ್ ಇದ್ದರೆ ಸಾಕು, ಯಾರಾದರೂ ಕೇಳಬಹುದು. ಸಾಲಿಯ ಮುಖವನ್ನೇ ಕಾಣದ ಹೆಂಗಸಿನ ಮಾತು ಅವಳ ಹೆಸರಿನ ಸಮೇತ ಉಳಿಯಿತು.

ಈ ಕೆಲಸ ನಮಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ನಮ್ಮೂರ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಹೆಣ್ಣುಮಕ್ಕಳ ತ್ರಿಪದಿಗಳನ್ನು ಬರೆದುಕೊಂಡು 'ಗರತಿಯ ಹಾಡು' ಅಚ್ಚು ಹಾಕಿಸಿದ್ದು 1931ರಲ್ಲಿ. ಪುಣೆಯ ಈ ಕೆಲಸಕ್ಕಿಂತ ಅರ್ಧ ಶತಮಾನ ಮೊದಲು! ಅವರೇನು ದೊಡ್ಡ ಸಂಸ್ಥೆಯವರೇ? ಹಳ್ಳಿಯ ಹುಡುಗರು. ಅಕ್ಕ, ಅವ್ವ, ಚಿಗವ್ವಂದಿರ ಬಾಯಲ್ಲಿದ್ದದ್ದು ಕಾವ್ಯ ಎಂದು ಅವರಿಗೆ ಹೊಳೆಯಿತು. ಅದೇ ಜಿಲ್ಲೆಯ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ, ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟು ಬಿಚ್ಚಿಸಿ ವಚನಗಳನ್ನು ನಕಲು ಮಾಡಿದರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ವಕೀಲಿ ಮಾಡಿ ಗಳಿಸಿದ್ದೆಲ್ಲ ಅಚ್ಚುಕೂಟಕ್ಕೇ ಸುರಿದರು. ಅಂಥ ಮಣ್ಣಿನಲ್ಲಿ ಹುಟ್ಟಿಯೂ ಅತ್ತಿಯ ಪದ ಬರೆಸಲಿಕ್ಕೆ ನಾವು ಪುಣೆಯ ತನಕ ಬರಬೇಕಾಯಿತು.

ಪುಣೆಯಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡುಕೊಂಡದ್ದು ಇದು: ಇಲ್ಲಿ ಹೇಳುವವರ ಪಕ್ಕದಲ್ಲಿ ಬರೆದುಕೊಳ್ಳುವವರೊಬ್ಬರು ಕೂತಿರುತ್ತಾರೆ. ಅವರಿಗೂ ಮರ್ಯಾದೆ ಇದೆ. ಜ್ಞಾನೇಶ್ವರರು 1290ರಲ್ಲಿ ನೇವಾಸೆಯಲ್ಲಿ ಗೀತೆಯ ಅರ್ಥವನ್ನು ಓವಿಗಳಲ್ಲಿ ಹೇಳುತ್ತಾ ಹೋದರು. ಬರೆದುಕೊಂಡವರು ಸಚ್ಚಿದಾನಂದ ಬಾಬಾ. ಗ್ರಂಥದ ಕೊನೆಯಲ್ಲಿ ಆ ಬರಹಗಾರನ ಹೆಸರೂ ಬರುತ್ತದೆ. ಸಪ್ತಾಹದಲ್ಲಿ ಪಾರಾಯಣಕ್ಕೆ ಕೂತ ಹೆಂಗಸರು ಅದನ್ನು ಓದುತ್ತಾರೆ, ಓದಲು ಬಾರದವಳು ಪಕ್ಕದವಳ ದನಿಗೆ ದನಿ ಸೇರಿಸುತ್ತಾಳೆ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಜ್ಞಾನೇಶ್ವರ, ತುಕಾರಾಮರ ಎರಡೂ ಪಾಲಖಿಗಳು ನಮ್ಮ ಹಡಪ್ಸರಿನ ಮೇಲೆಯೇ ಹಾಯುತ್ತವೆ. ಆಳಂದಿಯದು ದಿವೆ ಘಾಟ್ ಹತ್ತಿ ಸಾಸವಡಕ್ಕೆ, ದೇಹೂವಿನದು ಸೊಲ್ಲಾಪುರ ರಸ್ತೆ ಹಿಡಿದು ಲೋಣಿಗೆ. ನೀರು, ಬಾಳೆಹಣ್ಣು ಹಂಚುತ್ತ ರಸ್ತೆ ಬದಿ ನಿಂತರೆ ಹಾಡುತ್ತ ನಡೆಯುವ ಭಕ್ತರ ದಿಂಡಿಯ ಹಿಂದೆ ದಿಂಡಿ. ಬಾಯಲ್ಲಿ ಅಭಂಗ, ಚೀಲದಲ್ಲಿ ಹರಿಪಾಠದ ಪುಟ್ಟ ಪುಸ್ತಕ. ಮರೆತರೆ ತೆರೆಯುತ್ತಾರೆ, ನೆನಪಾದರೆ ಮುಚ್ಚುತ್ತಾರೆ. ತುಕಾರಾಮರ ಅಭಂಗಗಳ ಗಾಥೆಯನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರು, ಅದು ತೇಲಿ ಬಂತು ಎಂಬ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಜನರ ಗಂಟಲಲ್ಲಿ ಇದ್ದದ್ದರಿಂದಲೇ ಅದು ಉಳಿಯಿತು ಅನ್ನುವವರೂ ಇದ್ದಾರೆ. ಆದರೂ ದೇಹೂವಿನವರು ಗಂಟಲನ್ನಷ್ಟೇ ನಂಬಿ ಕೂರಲಿಲ್ಲ. ಗಾಥಾ ಮಂದಿರ ಕಟ್ಟಿ ಗೋಡೆಯ ತುಂಬ ಅಭಂಗಗಳನ್ನು ಕೆತ್ತಿಸಿದರು.

ಜಳಗಾವ್ ಕಡೆಯ ಬಹಿಣಾಬಾಯಿ ಚೌಧರಿ ಅಕ್ಷರ ಬಾರದ ಒಕ್ಕಲಗಿತ್ತಿ. ಬಿತ್ತುವಾಗ, ಬೀಸುವಾಗ, ರೊಟ್ಟಿ ಸುಡುವಾಗ ಹಾಡು ಕಟ್ಟುತ್ತಿದ್ದಳು. ಮಗ ಸೋಪಾನದೇವ ಅವನ್ನು ಬರೆದಿಟ್ಟುಕೊಂಡ. 1951ರಲ್ಲಿ ಆಕೆ ತೀರಿಕೊಂಡ ಮೇಲೆ ಮರಾಠಿ ಲೇಖಕ ಆಚಾರ್ಯ ಅತ್ರೆಯವರಿಗೆ ತೋರಿಸಿದ. ಮರುವರ್ಷವೇ ಪುಸ್ತಕ ಬಂತು. ಇಂದು ಮರಾಠಿ ಸಾಲಿ ಮಕ್ಕಳು ಅವಳ ಪದ್ಯ ಓದಿಯೇ ದೊಡ್ಡವರಾಗುತ್ತಾರೆ. ಮಗ ಬರೆದುಕೊಳ್ಳದೆ ಹೋಗಿದ್ದರೆ?

ನಮ್ಮಲ್ಲಿ ಏನಾಗುತ್ತದೆಂದು ಹೇಳುತ್ತೇನೆ. ನಮ್ಮ ದೊಡ್ಡಪ್ಪ ಹಂತಿ ಪದದಲ್ಲಿ ಹೆಸರಾದವನು. ರಾಶಿ ದಿನಗಳಲ್ಲಿ ಕಣದ ನಡುವೆ ಮೇಟಿ, ಸುತ್ತ ತಿರುಗುವ ಎತ್ತು, ಮೇಲೆ ತಿಂಗಳ ಬೆಳಕು. ಅವನು ಒಂದು ನುಡಿ ಎತ್ತಿದರೆ ಆಚೆ ಕಣದವರು ಅಲ್ಲಿಂದಲೇ ಸೊಲ್ಲು ಹಿಡಿಯುತ್ತಿದ್ದರು. ಶರಣರ ಕಥೆ ಶುರುವಾದರೆ ಬೆಳ್ಳಿ ಚುಕ್ಕಿ ಮೂಡಿದಾಗಲೇ ಮುಗಿಯುವುದು. ಅದರೊಳಗೆ ಬರೀ ಕಥೆ ಇತ್ತೇ? ಯಾವ ಮಳೆಗೆ ಏನು ಬಿತ್ತಬೇಕು, ಯಾವ ಎತ್ತಿಗೆ ಯಾವ ಸುಳಿ ಇರಬಾರದು, ಬರ ಬಿದ್ದ ವರ್ಷ ಯಾರು ಕಣಜ ತೆಗೆದು ಊರಿಗೆ ಜೋಳ ಅಳೆದರು, ಎಲ್ಲ ಇತ್ತು. 'ರೋಹಿಣಿ ಮಳೆ ಬಂದರ ಓಣಿ ಎಲ್ಲ ಜೋಳ' ಅನ್ನುವುದನ್ನು ನಾನು ಕಲಿತದ್ದು ಯಾವ ಪಾಠದಿಂದಲೂ ಅಲ್ಲ, ಆ ಕಣದಲ್ಲಿ ಮೇವಿನ ಮೇಲೆ ಮಲಗಿ ಕೇಳಿಸಿಕೊಂಡು.

ರಾಶಿ ಮಷಿನ್ ಬಂತು. ಇಡೀ ಹೊಲದ ಕಾಳು ಒಂದು ಮಧ್ಯಾಹ್ನದಲ್ಲಿ ಚೀಲ ಸೇರಿತು. ಎತ್ತು ತಿರುಗುವುದು ನಿಂತ ಮೇಲೆ ಪದಕ್ಕೆ ಹೊತ್ತೆಲ್ಲಿ? ಇದಕ್ಕಾಗಿ ನಾನು ಮಷಿನನ್ನು ಬೈಯುವುದಿಲ್ಲ. ರಾತ್ರಿಯೆಲ್ಲ ಎತ್ತಿನ ಹಿಂದೆ ಸುತ್ತುವ ಕಷ್ಟವನ್ನು ಕಂಡವರಾರೂ ಬೈಯುವುದಿಲ್ಲ. ನನ್ನ ಸಿಟ್ಟು ಬೇರೆ. ದೊಡ್ಡಪ್ಪ ಇದ್ದಾಗಲೇ ಊರಿನ ಹಿರಿಯರೊಬ್ಬರಿಗೆ, ಇವನ ಪದ ಯಾರಾದರೂ ಬರೆದಿಡಬಾರದೇ ಎಂದು ಕೇಳಿದ್ದೆ. "ಅದೇನ್ ಬರಕೊಳ್ಳೂದು ತಮ್ಮಾ, ಎಲ್ಲಾರಿಗೂ ಗೊತ್ತಿದ್ದದ್ದ ಐತಿ" ಎಂದರು. ದೊಡ್ಡಪ್ಪ ಮಣ್ಣಾದ ಮೇಲೆ ಗೊತ್ತಾಯಿತು, ಪೂರ್ತಿ ಗೊತ್ತಿದ್ದವನು ಅವನೊಬ್ಬನೇ. ಉಳಿದವರಿಗೆ ಗೊತ್ತಿದ್ದದ್ದು ಸೊಲ್ಲು ಮಾತ್ರ. ಅವನ ಮೊಮ್ಮಗನ ಮದುವೆಯ ವಿಡಿಯೋ ಮನೆಯಲ್ಲಿದೆ, ಡಿಜೆ ಸದ್ದಿನ ಸಮೇತ. ದೊಡ್ಡಪ್ಪನ ಒಂದು ನುಡಿಯೂ ಎಲ್ಲೂ ಇಲ್ಲ.

'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂಬ ಕವಿರಾಜಮಾರ್ಗದ ಮಾತನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ, ಇಲ್ಲಿ ಹೊರನಾಡಿನಲ್ಲೂ, ಎಷ್ಟು ಸಲ ಕೇಳಿದ್ದೇನೋ. ಓದದೆಯೂ ಬಲ್ಲವರು ನಮ್ಮವರು ಎಂದು ಹೆಮ್ಮೆ ಪಡುತ್ತೇವೆ. ಹಾಗೆ ಬಲ್ಲವರು ಸತ್ತರೆ ಮುಂದೇನು ಎಂದು ಆ ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ.

ಪುಣೆಯಲ್ಲಿ ಕೆಲಸ ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ. ಲಾ ಕಾಲೇಜ್ ರಸ್ತೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯನ್ನೇ ನೋಡಿ. 1917ರಲ್ಲಿ ಶುರುವಾಯಿತು. 1919ರಲ್ಲಿ ಮಹಾಭಾರತದ ಸಂಶೋಧಿತ ಆವೃತ್ತಿಗೆ ಕೈ ಹಾಕಿತು. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳ ಲಿಪಿಗಳ ಹಸ್ತಪ್ರತಿಗಳನ್ನೆಲ್ಲ ತರಿಸಿ, ಸಾವಿರಕ್ಕೂ ಮೇಲ್ಪಟ್ಟ ಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸಿದರು. ಪ್ರಧಾನ ಸಂಪಾದಕ ವಿಷ್ಣು ಸೀತಾರಾಮ ಸುಕ್ಥಂಕರ್ 1943ರಲ್ಲಿ ತೀರಿಕೊಂಡರು. ಬೆಲ್ವಲ್ಕರ್ ಬಂದರು, ಅವರ ನಂತರ ವೈದ್ಯರು ಬಂದರು. 1966ರಲ್ಲಿ ಕೆಲಸ ಮುಗಿಯಿತು. ನಮ್ಮ ಹಲಸಂಗಿಯಲ್ಲಿ ಗೆಳೆಯರ ಗುಂಪು ಚದುರಿದ ಮೇಲೆ ಆ ವಹಿಯ ಮುಂದಿನ ಪುಟ ಬರೆಯಲು ಅಂಥ ಒಂದು ಕೋಣೆಯಾದರೂ ಇತ್ತೇ?

ನಮ್ಮವರು ಏನನ್ನೂ ಮಾಡಿಲ್ಲ ಎಂದರೆ ತಪ್ಪಾದೀತು. ಕಲ್ಯಾಣದಲ್ಲಿ ವಚನ ಭಂಡಾರ ಕಾಯ್ದ ಶಾಂತರಸನ ಹೆಸರು ನಮ್ಮ ನೆನಪಿನಲ್ಲಿದೆ. ಹಳಕಟ್ಟಿಯವರ ದಾರಿ ಮುಂದುವರಿದು 1993ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಬಂದವು. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಗಾಯಕರ ಬಾಯಿಂದಲೇ ಬರೆದುಕೊಂಡು ಅಚ್ಚು ಹಾಕಿದ ವಿದ್ವಾಂಸರಿದ್ದಾರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ. ಇಷ್ಟನ್ನು ಒಪ್ಪಲೇಬೇಕು. ದೇವರ ಕಥೆಗೆ, ದೊಡ್ಡ ಕಾವ್ಯಕ್ಕೆ ಬರಹಗಾರ ಸಿಕ್ಕಿದ್ದಾನೆ. ಕಣದ ಪದಕ್ಕೆ, ಅಡುಗೆಮನೆಯ ಪದಕ್ಕೆ ಸಿಕ್ಕಿದ್ದು ಕಡಿಮೆ.

ಇನ್ನೊಂದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಆದರೂ ಹೇಳಬೇಕು. ಭಾಂಡಾರಕರ ಸಂಸ್ಥೆಯ ಆ ಮಹಾಭಾರತದಲ್ಲಿ, ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆ ಮೂಲಪಾಠದಲ್ಲಿಲ್ಲ, ಅನುಬಂಧಕ್ಕೆ ಹೋಗಿದೆ. ವಸ್ತ್ರಾಪಹರಣದಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವುದೂ ಮೂಲವಲ್ಲವೆಂದು ಪಾಠದಿಂದ ಹೊರಗುಳಿದಿದೆ. ವಿದ್ವತ್ತಿನ ಲೆಕ್ಕದಲ್ಲಿ ಅದು ಸರಿ ಇರಬಹುದು, ಹಳೆಯ ಪ್ರತಿಗಳ ಸಾಕ್ಷ್ಯ ಅವರ ಕೈಯಲ್ಲಿತ್ತು. ಆದರೆ ಕುಮಾರವ್ಯಾಸನ ದ್ರೌಪದಿಯ ಮೊರೆಯನ್ನು ಗಮಕಿಗಳು ವಾಚಿಸುವಾಗ ಗುಡಿಯ ಕಟ್ಟೆಯ ಮೇಲೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬಳಿಗೂ ಓದು ಬರುತ್ತಿರಲಿಲ್ಲ. ಆ ಕೂಗನ್ನು ತೆಗೆದ ಭಾರತ ಅವರ ಭಾರತವೇ ಅಲ್ಲ. ಬರೆದಿಡುವವನು ಆರಿಸುತ್ತಾನೆ, ಆರಿಸುವಾಗ ಯಾರದೋ ಕಣ್ಣೀರು ಅಡಿಟಿಪ್ಪಣಿಗೆ ಇಳಿಯುತ್ತದೆ.

ಶ್ರಾವಣದಲ್ಲಿ ನಮ್ಮ ಮಠದ ಪುರಾಣಕ್ಕೆ ಕೂಡುವ ಮಂದಿಯನ್ನು ಪುಣೆಯ ಯಾವ ವಾಚನಾಲಯವೂ ಕಂಡಿರಲಾರದು. ಶಾಸ್ತ್ರಿಗಳು, ಗವಾಯಿಗಳು, ತಬಲಾ ಸಾಥ್; ಕೂಲಿ ಮುಗಿಸಿ ಬಂದವಳೂ ಕುರಿ ಹಟ್ಟಿಯಿಂದ ಬಂದವನೂ ಗೌಡರೂ ಒಂದೇ ಕಥೆ ಕೇಳುತ್ತಾರೆ. ಶರಣೆ ಹೇಮರೆಡ್ಡಿ ಮಲ್ಲಮ್ಮನ ತೊಟ್ಟಿಲ ದಿನ ಕಾಲಿಡಲು ಜಾಗವಿರುವುದಿಲ್ಲ. ಚೀಟಿ, ಸದಸ್ಯತ್ವ, ಠೇವಣಿ ಯಾವುದೂ ಬೇಡ. ಆ ಬಾಗಿಲು ಪುಣೆಯ ಪುಸ್ತಕದ ಬಾಗಿಲಿಗಿಂತ ಅಗಲ. ಬೀಸುಕಲ್ಲಿನ ಲಕ್ಷ ಓವಿ ಭಂಡಾರದಲ್ಲಿ ಭದ್ರವಾಗಿವೆ, ಆದರೆ ಬೀಸುತ್ತ ಹಾಡುವವರು ಈ ಕಡೆಯೂ ವಿರಳವೇ.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ಮನಸ್ಸು ವಹಿಯ ಕಡೆಗೇ ವಾಲುತ್ತದೆ. ಭೀಮಾ ದಂಡೆಯಲ್ಲಿ ಹಂತಿ ಪದ ಪೂರ್ತಿ ಬಲ್ಲವರು ಈಗ ವಯಸ್ಸಾಗಿ ಹಾಸಿಗೆ ಹಿಡಿಯುತ್ತಿದ್ದಾರೆ. ಊರೂರಿನ ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಹುಡುಗರ ಕೈಯಲ್ಲಿ ಒಳ್ಳೆಯ ಫೋನ್‌ಗಳಿವೆ. ಪದ ಹೇಳಿದವರ ದನಿ, ಹೆಸರು, ಊರು, ಯಾವ ಕೆಲಸ ಮಾಡುತ್ತ ಹಾಡುತ್ತಿದ್ದರು, ಇಷ್ಟು ದಾಖಲಾಗಲಿ. ಏನನ್ನೂ ಆರಿಸಬೇಡಿ, ಏನನ್ನೂ ತಿದ್ದಬೇಡಿ. ಬರುವ ಶ್ರಾವಣದಲ್ಲಿ ಪುರಾಣಕ್ಕೆ ಪಟ್ಟಿ ಎತ್ತುವಾಗ ಇದಕ್ಕೂ ಒಂದು ಪಟ್ಟಿ ಎತ್ತಿ, ಊರಿನ ಹಿರಿಯರೇ. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ.