ಬಾಟ್‌ಗೆ ಊಟ ಆಯ್ತಾ?

ಕಳೆದ ಭಾನುವಾರ ಡೊಂಬಿವಲಿಯ ಅಣ್ಣನ ಮನೆಗೆ ನೀರುದೋಸೆಗೆ ಕರೆದಿದ್ದರು. ಹೋದರೆ ಅತ್ತಿಗೆ ಸೋಫಾದ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದಾರೆ. ಮಡಿಲಲ್ಲಿ ಉತ್ತರಪತ್ರಿಕೆಗಳ ಕಟ್ಟು. ಕಾವಲಿ ಮುಂದೆ ಅಣ್ಣ. ಅವನು ಹೊಯ್ದ ದೋಸೆಯಲ್ಲಿ ಗೋವಾ, ದಮನ್, ದೀವ್ ಎಲ್ಲ ಬೇರೆಬೇರೆಯಾಗಿ ಕಾಣುತ್ತಿದ್ದವು.

“ಊಟ ಆಯ್ತಾ ಅತ್ತಿಗೆ?”

“ಮೊದಲು ಇದರದ್ದು ಆಗಲಿ ಮಾರಾಯ.”

ಇದು ಅಂದರೆ ಶಿಕ್ಷಣ ಇಲಾಖೆಗೆ ಮಕ್ಕಳ ಅಂಕ ಕಳಿಸುವ ಚಾಟ್‌ಬಾಟ್. ಅತ್ತಿಗೆ ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್. ಪರೀಕ್ಷೆ ಕಾಗದದಲ್ಲೇ ಆಗಿದೆ. ಕೆಂಪು ಪೆನ್ನಿನಲ್ಲಿ ತಿದ್ದಿಯೂ ಆಗಿದೆ. ಯಾರಿಗೆ ಎಷ್ಟು ಅಂತ ಅವರಿಗೆ ಬಾಯಿಪಾಠ. ಆದರೆ ಬಾಟ್‌ಗೆ ಒಟ್ಟು ಅಂಕ ಬೇಡ. ಒಂದೊಂದು ಪ್ರಶ್ನೆಯ ಅಂಕವನ್ನೂ ತುತ್ತು ಮಾಡಿ ತಿನ್ನಿಸಬೇಕು. 28 ಮಕ್ಕಳು, 3 ವಿಷಯ, ಒಂದೊಂದರಲ್ಲಿ 15 ಪ್ರಶ್ನೆ. ಸುಮ್ನೆ ಲೆಕ್ಕ ಹಾಕಿದೆ, 1,260 ಸಲ ಒತ್ತಬೇಕು. 900ರ ಹತ್ತಿರ ಬಂದಾಗ ಬಾಟ್ ಮುನಿಸಿಕೊಂಡಿತು. ‘ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಅಂತ ಮರಾಠಿಯಲ್ಲಿ ಹೇಳಿ ಮುಖ ತಿರುಗಿಸಿತು. ಮದುಮಗನಿಗೂ ಇಷ್ಟು ಉಪಚಾರ ಇಲ್ಲ.

ಡಿಜಿಟಲ್ ಮೌಲ್ಯಮಾಪನ ಅಂದರೆ ಮಾಸ್ತರರ ಕೆಲಸ ಹಗುರ ಮಾಡೋದು ಅಂತ ನಾನು ತಿಳಿದಿದ್ದೆ. ದಡ್ಡ ನಾನು.

ಈ ಮಹಾರಾಷ್ಟ್ರದಲ್ಲಿ ಶಾಲೆ ಮತ್ತು ಮೊಬೈಲ್ ನಡುವಿನ ಪ್ರೀತಿ ಹಳೆಯದು. 2016ರ ನವೆಂಬರಿನ ಸೆಲ್ಫಿ ಆದೇಶ ನಿಮಗೆ ನೆನಪಿರಬೇಕಲ್ಲ? ಪ್ರತಿ ಸೋಮವಾರ ಹತ್ತು ಹತ್ತು ಮಕ್ಕಳನ್ನು ನಿಲ್ಲಿಸಿ ಮಾಸ್ತರು ಸೆಲ್ಫಿ ತೆಗೆದು ಸರ್ಕಾರಿ ಪೋರ್ಟಲ್‌ಗೆ ಹಾಕಬೇಕು. ಮಕ್ಕಳು ಶಾಲೆ ಬಿಡೋದು ಅದರಿಂದ ನಿಲ್ಲುತ್ತದೆ! ಗದ್ದೆ ಕೆಲಸಕ್ಕೆ ಹೋದ ಹುಡುಗ ಫೋಟೊದಲ್ಲಿ ಇಲ್ಲ ಅಂತ ಗೊತ್ತಾದ ಮೇಲೆ ಏನು ಮಾಡೋದು, ಅದು ಮುಂದಿನ ಆದೇಶದಲ್ಲಿ ಬರಬೇಕಿತ್ತೋ ಏನೋ. ಮಾಸ್ತರುಗಳು ಕೂಗಾಡಿದ ಮೇಲೆ ತಣ್ಣಗಾಯಿತು.

ಅದು ಚಿಕ್ಕ ಮಕ್ಕಳ ಆಟ. ದೊಡ್ಡವರದ್ದು 2017ರಲ್ಲಿ. ಮುಂಬೈ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಪ್ಲೇಗ್ ಕಂಡಿದೆ, ಎರಡು ಮಹಾಯುದ್ಧ ಕಂಡಿದೆ, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಸ್ಕ್ಯಾನರ್ ಮುಂದೆ ಮಂಡಿಯೂರಿತು. ಸುಮಾರು 17 ಲಕ್ಷ ಉತ್ತರಪತ್ರಿಕೆ ಸ್ಕ್ಯಾನ್ ಮಾಡಿ ಪರದೆ ಮೇಲೆ ತಿದ್ದೋದು ಅಂತ ತೀರ್ಮಾನ. ಮೊದಲು ಒಂದು ಸಣ್ಣ ವಿಭಾಗದಲ್ಲಿ ಮಾಡಿ ನೋಡೋಣ ಅನ್ನೋದೆಲ್ಲ ಇಡ್ಲಿ ಹಿಟ್ಟು ರುಬ್ಬುವವರ ಬುದ್ಧಿ. ಇವರು ಎಲ್ಲ ಕೋರ್ಸಿಗೂ ಒಂದೇ ಸಲ ಹಾಕಿದರು. ಟೆಂಡರ್ ಬೆಂಗಳೂರಿನ ಕಂಪನಿಗೆ ಸಿಕ್ಕಿತ್ತು. ಅಷ್ಟರಮಟ್ಟಿಗೆ ಮುಂಬೈ ಕನ್ನಡಿಗರು ಹೆಮ್ಮೆಪಡಬಹುದು. 45 ದಿನದಲ್ಲಿ ಬರಬೇಕಾದ ರಿಸಲ್ಟ್‌ಗೆ ರಾಜ್ಯಪಾಲರೇ ಜುಲೈ 31ರ ಗಡುವು ಹಾಕಿದರು. ಗಡುವು ಬಂತು, ಹೋಯಿತು. ಗಣಪತಿಯೂ ಬಂದು ಹೋದ. ಲಾ ಓದುವವರು ಇನ್ನೂ ಕಾಯುತ್ತಲೇ ಇದ್ದರು. ಅಕ್ಟೋಬರಿನಲ್ಲಿ ಕುಲಪತಿಗಳನ್ನೇ ಮನೆಗೆ ಕಳಿಸಿದರು. ಆ ವರ್ಷ ಸಮಯಕ್ಕೆ ಸರಿಯಾಗಿ ಬಂದ ಫಲಿತಾಂಶ ಅಂದರೆ ಅದೊಂದೇ ಇರಬೇಕು.

ಇರಲಿ, ಅತ್ತಿಗೆಯ ಬಾಟ್‌ಗೆ ಬರೋಣ. ಅದರ ತಮ್ಮ ಒಬ್ಬ ಇದ್ದಾನೆ, ಓದು ಅಳೆಯುವ ಆ್ಯಪ್. ಮಗು ಫೋನಿನ ಮುಂದೆ ಗಟ್ಟಿಯಾಗಿ ಓದಬೇಕು. ಆ್ಯಪ್ ಕಿವಿಗೊಟ್ಟು ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸುತ್ತದೆ. ಮೂರನೇ ಕ್ಲಾಸಿಗೆ ಕನಿಷ್ಠ 60. ಈ 60 ಬಂದದ್ದು ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಕಲಿಸೋಕೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಿಂದ. ಅರ್ಥ ಮಾಡಿಕೊಂಡು ಓದಬೇಕು ಅಂತಲೂ ಅದರಲ್ಲಿ ಬರೆದಿದ್ದಾರೆ, ಪಾಪ. ಆದರೆ ಅರ್ಥವನ್ನು ಎಣಿಸೋಕೆ ಬರಲ್ಲ. ಪದವನ್ನು ಎಣಿಸಬಹುದು.

ಎಣಿಸಿ. ಆದರೆ ಯಾರ ಪದ? ಇಂಗ್ಲಿಷ್ ಮಗು ‘ಬಿಕಾಸ್ ಹಿ ಹ್ಯಾಡ್ ಟು ಕಮ್’ ಅಂದರೆ ಐದು ಪದ ಜೇಬಿಗೆ. ನಮ್ಮ ಮಗು ‘ಬರಬೇಕಾಗಿದ್ದಿದ್ದರಿಂದ’ ಅಂತ ಉಸಿರು ಬಿಗಿಹಿಡಿದು ಮುಗಿಸಿದರೆ ಒಂದು. ಅವರದು ರಿಕ್ಷಾ, ನಮ್ಮದು 15 ಡಬ್ಬಿಯ ಲೋಕಲ್. ನಿಮಿಷಕ್ಕೆ 60 ಗಾಡಿ ದಾಟಿಸಿ ಅಂದರೆ ಹೇಗೆ? ಭಾಷೆಗೊಂದು ಅಳತೆ ಬೇಕು ಅಂತ 2022ರಲ್ಲಿ 20 ಭಾಷೆಗಳಲ್ಲಿ ಸಮೀಕ್ಷೆಯನ್ನೂ ಮಾಡಿದ್ದಾರೆ. ಆ ವಿಚಾರ ಅತ್ತಿಗೆಯ ಫೋನಿಗೆ ಇನ್ನೂ ಬಂದು ಮುಟ್ಟಿಲ್ಲ. ಬಹುಶಃ ಕುರ್ಲಾದಲ್ಲಿ ಸಿಗ್ನಲ್‌ಗೆ ನಿಂತಿದೆ.

ಕ್ಲಾಸಿನಲ್ಲಿ ಒಬ್ಬ ಹುಡುಗ ನಿಮಿಷಕ್ಕೆ 80 ಓದುತ್ತಾನಂತೆ. ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟ್ ಹಾಗೆ, ಪೂರ್ಣವಿರಾಮಕ್ಕೂ ನಿಲ್ಲಲ್ಲ. ಕಥೆಯಲ್ಲಿ ಏನಾಯ್ತು ಅಂತ ಕೇಳಿದರೆ ‘ಮುಗೀತು ಟೀಚರ್’ ಅಂತಾನೆ. ಡ್ಯಾಶ್‌ಬೋರ್ಡಿನಲ್ಲಿ ಹಸಿರು. ಇನ್ನೊಬ್ಬಳು ಯಾದಗಿರಿ ಕಡೆಯವಳು, ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಓದುತ್ತಾ ಓದುತ್ತಾ ನಡುವೆ ನಿಂತುಬಿಟ್ಟಳು. “ಟೀಚರ್, ಈ ಮುದುಕಿ ಯಾಕ ಸುಳ್ಳ ಹೇಳಿದ್ಳು?” ಅಂತ ಕೇಳಿದಳು. ಗಡಿಯಾರ ಓಡುತ್ತಲೇ ಇತ್ತು. 34 ಪದ. ಕೆಂಪು.

ಇಲ್ಲಿ ನನಗೆ ನಗು ಬರಲ್ಲ. ಆ ಹುಡುಗಿ ಕೆಂಪಲ್ಲ. ಅವಳು ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದಳು, ಅದು ಅತ್ತಿಗೆಗೆ ಗೊತ್ತು. ಅದನ್ನು ಕೇಳುವವರು ಯಾರೂ ಇಲ್ಲ. ಈ ಶಹರದಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅತ್ತಿಗೆಯ ಶಾಲೆಯಲ್ಲಿ ಇಬ್ಬರು ರಿಟೈರ್ ಆದರು, ಬದಲಿ ಬರಲಿಲ್ಲ. ಎರಡು ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ. ಟೀಚರ್ ಬೇಕು ಅಂತ ಕೇಳಿದರೆ ಆ್ಯಪ್ ಕೊಡುತ್ತಾರೆ. ಎರಡನೇ ಸಲ ಕೇಳಿದರೆ ಅಪ್‌ಡೇಟ್. ಸಾಕಾಗಿದೆ.

ನಮ್ಮ ಅಪ್ಪ ಕೋಟೆ ಪ್ರದೇಶದ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಅಕ್ಷರ ಕಲಿತವರು. ಅಲ್ಲಿನ ಮಾಸ್ತರರ ಮೌಲ್ಯಮಾಪನ ಹೀಗಿತ್ತಂತೆ: ಊರಿಗೆ ಒಂದು ಕಾರ್ಡು ಬರಿ, ಉತ್ತರ ಬಂದರೆ ಪಾಸು. ಅಪ್ಪ ‘ಅಮ್ಮಾ, ಜ್ವರ ಬಿಟ್ಟಿದೆ’ ಅಂತ ಬರೆಯಲು ಹೋಗಿ ‘ಬಿಟ್ಟಿಲ್ಲ’ ಅಂತ ಬರೆದರು. ಹದಿನೈದು ದಿನಕ್ಕೆ ಅಜ್ಜನೇ ಬಂದು ಹೋಟೆಲಿನ ಮುಂದೆ ನಿಂತರು. ಮಾಸ್ತರು ಪಾಸು ಮಾಡಿದರು.

ರಾತ್ರಿ ಹತ್ತೂವರೆಗೆ ಬಾಟ್‌ಗೆ ಹೊಟ್ಟೆ ತುಂಬಿತು. ದೋಸೆ ಆರಿ ರಬ್ಬರ್ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು: ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್? ಅತ್ತಿಗೆ ಸಟಕ್ಕನೆ ಐದು ಒತ್ತಿದರು.

“ಎಂತ ಅತ್ತಿಗೆ, ಐದಾ?”

“ನಾಲ್ಕು ಕೊಟ್ಟರೆ ಕಾರಣ ಟೈಪ್ ಮಾಡ್ಬೇಕು ಮಾರಾಯ.”