ಮಟಿಲ್ಡಾಳನ್ನು ಮಾತ್ರ ಯಾಕೆ ಬೈಯುತ್ತೀರಿ?

ಫ್ರೆಂಚ್ ಲೇಖಕ ಮೊಪಾಸಾನ ‘ನೆಕ್ಲೇಸ್’ ಕಥೆಯಲ್ಲಿ ಗುಮಾಸ್ತನ ಹೆಂಡತಿ ಮಟಿಲ್ಡಾ ಒಂದು ಔತಣಕ್ಕೆಂದು ಶ್ರೀಮಂತ ಗೆಳತಿ ಫಾರೆಸ್ಟಿಯರ್ ಹತ್ತಿರ ವಜ್ರದ ಸರ ಎರವಲು ತಂದು ಕಳೆದುಕೊಳ್ಳುತ್ತಾಳೆ, ಸಾಲ ಮಾಡಿ ಅಂಥದ್ದೇ ಬದಲಿ ಸರ ಕೊಡುತ್ತಾಳೆ. ಈ ಕಥೆಯ ಮಾತು ಬಂದಾಗೆಲ್ಲ ಒಂದೇ ತೀರ್ಪು ಕೇಳಿಸುತ್ತದೆ. ಹೆಂಗಸಿಗೆ ಶೋಕಿ ಜಾಸ್ತಿ ಇತ್ತು, ಅನುಭವಿಸಿದಳು. ನನಗಂತೂ ಈ ತೀರ್ಪು ಒಪ್ಪಿಗೆಯಿಲ್ಲ.

ಶೋಕಿ ಇತ್ತು, ನಿಜ. ಗಂಡ ಬಂದೂಕು ಕೊಳ್ಳಲು ಕೂಡಿಟ್ಟಿದ್ದ 400 ಫ್ರಾಂಕ್ ಅವಳ ಒಂದು ಉಡುಪಿಗೆ ಹೋಯಿತು. ಆದರೆ ಅವಳು ಹೋಗಬೇಕಿದ್ದ ಜಾಗ ಎಂಥದ್ದು ನೋಡಿ. ಪ್ಯಾರಿಸ್ಸಿನಲ್ಲಿ ಶಿಕ್ಷಣ ಸಚಿವರ ಔತಣ, ಗಂಡ ಅದೇ ಇಲಾಖೆಯ ಸಣ್ಣ ಗುಮಾಸ್ತ. ಅಂಥ ಕಡೆ ಬರೀ ಕತ್ತು ನೋಡಿದರೆ ಸಾಕು, ಗಂಡನ ಸಂಬಳ ಎಷ್ಟಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಮೊಪಾಸಾ ಕೂಡ ಮೊದಲು ನೌಕಾ ಇಲಾಖೆಯಲ್ಲಿ, ಆಮೇಲೆ ಇದೇ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. 1884ರಲ್ಲಿ ಈ ಕಥೆ ಬಂದಾಗ ಈ ಜನರ ಬದುಕು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಔತಣ ಮುಗಿದು ಹೊರಡುವ ಗಳಿಗೆ ಅಷ್ಟು ನಿಜ ಅನಿಸುತ್ತದೆ: ಉಳಿದ ಹೆಂಗಸರು ದುಬಾರಿ ತುಪ್ಪಳದ ಕೋಟು ಹೊದ್ದುಕೊಳ್ಳುತ್ತಿದ್ದಾರೆ, ಗಂಡ ಇವಳ ಹೆಗಲಿಗೆ ದಿನಬಳಕೆಯ ಹೊದಿಕೆ ಹಾಕುತ್ತಾನೆ, ಅದು ಯಾರ ಕಣ್ಣಿಗೂ ಬೀಳಬಾರದು ಅಂತ ಇವಳು ಮೆಟ್ಟಿಲಿಳಿದು ಓಡುತ್ತಾಳೆ.

ಸರ ಕಳೆದುಹೋದ ಮೇಲೆ, ‘ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇನೆ ಅಂತ ಗೆಳತಿಗೆ ಬರೆ’ ಅಂತ ಹೇಳಿಕೊಟ್ಟಿದ್ದು ಗಂಡ. ಈ ಮಾತನ್ನು ಯಾರೂ ಎತ್ತುವುದೇ ಇಲ್ಲ! ಎಲ್ಲರ ನೆನಪಲ್ಲೂ ಅವನು ಪಾಪದ ಮನುಷ್ಯ. ಆ ಸುಳ್ಳು ಹುಟ್ಟಿದ್ದು ಭಯದಿಂದ ಅಂತ ನಾನು ಅಂದುಕೊಳ್ಳುತ್ತೇನೆ. ಬದಲಿ ಸರ ವಾಪಸ್ ಕೊಡುವಾಗಲೂ ಅದೇ ಭಯ. ಗೊತ್ತಾದರೆ ನನ್ನನ್ನು ಕಳ್ಳಿ ಅಂದುಕೊಂಡಾಳಾ? ಉಳ್ಳವರು ಕಳೆದರೆ ‘ಸಾರಿ’ಯಲ್ಲಿ ಮುಗಿಯುತ್ತದೆ. ಇಲ್ಲದವರು ಕಳೆದರೆ ಮೊದಲು ಬರುವುದು ಅನುಮಾನ. ಕಂಡವರ ಮನೆಯ ಸರ ಹಾಕಿಕೊಂಡು ಮದುವೆಗೆ ಹೋಗಿ, ಇಡೀ ದಿನ ಕುತ್ತಿಗೆ ಮುಟ್ಟಿ ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನನಗೆ ಸಿಟ್ಟು ಬರುವುದು ಫಾರೆಸ್ಟಿಯರ್ ಮೇಲೆ. ಸರ ಕೊಡುವಾಗ ಅದು ನಕಲಿ ಅಂತ ಒಂದು ಮಾತು ಹೇಳಲಿಲ್ಲ. ಶ್ರೀಮಂತೆಯ ಪೆಟ್ಟಿಗೆಯಿಂದ ಬಂದಿದ್ದಕ್ಕೆ ಗಾಜೂ ವಜ್ರವಾಯಿತು. ಬದಲಿ ಸರಕ್ಕೆ 36,000 ಫ್ರಾಂಕ್, ಅದರಲ್ಲಿ ಗಂಡನಿಗೆ ಅಪ್ಪನಿಂದ ಬಂದಿದ್ದು 18,000, ಉಳಿದದ್ದೆಲ್ಲ ಸಾಲ. ಹತ್ತು ವರ್ಷ ಅವನು ರಾತ್ರಿ ಕೂತು ಪುಟಕ್ಕೆ ಐದು ಸೂ (ಫ್ರೆಂಚರ ಸಣ್ಣ ಕಾಸು) ಲೆಕ್ಕದಲ್ಲಿ ಬೇರೆಯವರ ಬರಹ ನಕಲು ಮಾಡಿದ, ಅವಳು ನೀರು ಹೊತ್ತಳು, ಪಾತ್ರೆ ಉಜ್ಜಿದಳು, ಅಂಗಡಿಯಲ್ಲಿ ಕಾಸು ಕಾಸಿಗೂ ಚೌಕಾಸಿ ಮಾಡಿ ಬೈಸಿಕೊಂಡಳು. ಆ ಕಡೆ ಫಾರೆಸ್ಟಿಯರ್ ಸರ ವಾಪಸ್ ಬಂದಾಗ ಪೆಟ್ಟಿಗೆ ತೆರೆದೂ ನೋಡಲಿಲ್ಲ. ತಡವಾಯಿತು ಅಂತ ಮುಖ ಗಂಟಿಕ್ಕಿದಳು, ಅಷ್ಟೇ.

ಕೊನೆಗೆ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ಸಿಕ್ಕಾಗ ಮಟಿಲ್ಡಾಳ ಗುರುತೂ ಹತ್ತುವುದಿಲ್ಲ ಫಾರೆಸ್ಟಿಯರ್‌ಗೆ. ನಡೆದದ್ದೆಲ್ಲ ಕೇಳಿ ಕೈ ಹಿಡಿದು ಮರುಗುತ್ತಾಳೆ, ತನ್ನ ಸರ ಹೆಚ್ಚೆಂದರೆ 500 ಫ್ರಾಂಕಿನದು ಅನ್ನುತ್ತಾಳೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳಿಗೆ ಈ ಕಥೆ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಟಿಲ್ಡಾ ಮಾಡಿದ ತಪ್ಪೇನು ಅಂತ ಕೇಳುವ ದಿನ, ಫಾರೆಸ್ಟಿಯರ್ ಈಗ ಏನು ಮಾಡಬೇಕು ಅಂತಲೂ ಕೇಳಿ.